ಕಸ್ತೂರಕ್ಕನಿಗೆ ಗೊತ್ತಿರದಿದ್ದ ಒಂದು ಮಾತು

ಕಪ್ಪತಗುಡ್ಡದ ಬುಡ
ಇಸವಿ ೨೧೯೪, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಒಂದೇ ತರಗತಿಯ ಜೊತೆ ಎಂಟು ವರ್ಷ ನಡೆಯಲು ಹೊರಟಿರುವ ಹಿಂದಿನ ಕಾಲದ ಟೀಚರುಗಳಿಗೆ,

ದಿನಾಂಕ ನೋಡಿ ಕಾಗದ ಬಿಸಾಡಬೇಡಿ. ನಮ್ಮಲ್ಲಿ ಪ್ರತಿ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ಐದಾರು ದಿನಗಳನ್ನು ಕೂಡಿಸಿ ಬಿಡುತಿಂಗಳು ಎನ್ನುತ್ತೇವೆ. ಆಗ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ಆಡದೆ ಉಳಿದ ಮಾತುಗಳನ್ನು ಆಡಿ ಮುಗಿಸುತ್ತಾರೆ, ಕೆಲವರು ಹಿಂದಿನ ಕಾಲದವರಿಗೆ ಬರೆಯುತ್ತಾರೆ. ಈ ಕಾಗದ ನಿಮ್ಮನ್ನು ಹೇಗೆ ತಲುಪುತ್ತದೆ ಎಂದು ನನ್ನನ್ನು ಕೇಳಬೇಡಿ. ಅದನ್ನು ಕಲಿಸುವ ವರ್ಷಕ್ಕೆ ಮೊದಲೇ ನಾನು ಶಾಲೆ ಬಿಟ್ಟೆ. ನನ್ನ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಪದಗಳೂ ನಮಗೆ ಹಾಗೆಯೇ. ಹಾಲ್ ಟಿಕೆಟ್ ಎಂದರೆ ಜಾತ್ರೆಯ ಆಟಕ್ಕೆ ಕೊಡುವ ಚೀಟಿ ಎಂದು ನಾನು ಬಹಳ ದಿನ ತಿಳಿದಿದ್ದೆ.

ನನ್ನ ಹೆಸರು ದ್ಯಾಮವ್ವ, ಎಲ್ಲರೂ ದ್ಯಾಮಿ ಎನ್ನುತ್ತಾರೆ. ನಾನು ನೆರಳುಗಾರ್ತಿ. ಬಿಸಿಲು ಬೆಳೆಯನ್ನು ಸುಡದಂತೆ ಹೊಲಗಳ ಮೇಲೆ ಕಂಬ ನೆಟ್ಟು ದೊಡ್ಡ ಬಟ್ಟೆ ಎಳೆದು ಕಟ್ಟುವುದು ನಮ್ಮ ತಂಡದ ಕೆಲಸ. ಇದಕ್ಕೆ ಮೊದಲು ಬೇರೆ ಮೂರು ಕೆಲಸ ಹಿಡಿದು ಬಿಟ್ಟಿದ್ದೇನೆ. ಇದನ್ನೂ ಬಿಡಬಹುದು. ಸುಳ್ಳು ಹೇಳಲಾರೆ.

ನೀವು ಅಲ್ಲೊಂದು ಇಲ್ಲೊಂದು ಶಾಲೆಯಲ್ಲಿ ಶುರುಮಾಡಿದ್ದು ನಮ್ಮಲ್ಲಿ ಊರೂರಿನ ರೂಢಿಯಾಗಿದೆ. ಏಳು ವರ್ಷದ ಮಕ್ಕಳ ಒಂದು ಗುಂಪನ್ನು ಒಬ್ಬರೇ ಟೀಚರ್ ಹದಿನೈದು ತುಂಬುವವರೆಗೆ ನಡೆಸುತ್ತಾರೆ. ಇದಕ್ಕೆ ಒಡನಡೆ ಎಂದು ಹೆಸರು. ನಮ್ಮ ಒಡನಡೆಯ ಟೀಚರ್ ಕಸ್ತೂರಕ್ಕ. ಬೆಳಿಗ್ಗೆ ತಂಪಿರುವಾಗ ಹೂಕೆಲಸ. ಜೇನುಹುಳಗಳು ಕಡಿಮೆಯಾದ್ದರಿಂದ ಕುಂಬಳ, ಹಾಗಲ ಹೂಗಳಿಗೆ ಕೋಳಿಪುಕ್ಕದಿಂದ ನಾವೇ ಪರಾಗ ಮುಟ್ಟಿಸಬೇಕು, ಲೆಕ್ಕವನ್ನೂ ಅಲ್ಲೇ ಹೂ ಎಣಿಸುತ್ತ ಕಲಿಯಬೇಕು. ಬಿಸಿಲೇರಿದ ಮೇಲೆ ಗುಡ್ಡದ ಹೊಟ್ಟೆಯಲ್ಲಿ ಕೊರೆದ ತಂಪುಮನೆಗೆ ಇಳಿದು ಉಣ್ಣೆ ನೂಲುವುದು, ಜೇನುಮೇಣದ ಬಣ್ಣದಲ್ಲಿ ಬರೆಯುವುದು, ಹಾಡುವುದು. ಯಾರೂ ಹೊಡೆಯುತ್ತಿರಲಿಲ್ಲ, ಯಾರೂ ಮೊದಲ ನಂಬರ್ ಬರುತ್ತಿರಲಿಲ್ಲ. ಅದು ಒಳ್ಳೆಯ ಶಾಲೆ. ನಾನು ಬಿಟ್ಟದ್ದು ಕೆಟ್ಟ ಶಾಲೆಯನ್ನಲ್ಲ.

ಮೊದಲ ವರ್ಷವೇ ಕಸ್ತೂರಕ್ಕ ಪ್ರತಿ ಮಗುವಿನ ಸ್ವಭಾವ ಗುರುತಿಸಿ ಮಣ್ಣು, ನೀರು, ಬೆಂಕಿ, ಗಾಳಿ ಎಂದು ಕೂರಿಸುವುದು ಪದ್ಧತಿ. ನಾನು ಮಿಸುಕಾಡುತ್ತಿದ್ದೆ, ಆದ್ದರಿಂದ ಗಾಳಿಯಾದೆ. ಗಾಳಿಯ ಮಕ್ಕಳ ಜಾಗ ಬಾಗಿಲ ಬಳಿ. ಹುಟ್ಟುಹಬ್ಬದ ದಿನ ಟೀಚರ್ ಆಯಾ ಮಗುವಿಗಾಗಿ ನಾಲ್ಕು ಸಾಲಿನ ಒಂದು ಪದ ಕಟ್ಟಿ ಕೊಡುತ್ತಾರೆ, ಅದನ್ನು ವರ್ಷವಿಡೀ ವಾರಕ್ಕೊಮ್ಮೆ ನಿಂತು ಹೇಳಬೇಕು. ನನ್ನ ಪದದಲ್ಲಿ ಪ್ರತಿ ವರ್ಷವೂ ಗಾಳಿಯೇ. ಒಂದು ವರ್ಷ ಗುಡ್ಡ ಹಾರುವ ಗಾಳಿ, ಮರುವರ್ಷ ಬೀಜ ಹೊರುವ ಗಾಳಿ. ಎಲ್ಲಿಗಾದರೂ, ಗುಡ್ಡದ ನೆತ್ತಿಯಲ್ಲಿ ವಿದ್ಯುತ್ ತೆಗೆಯುವ ಗಾಳಿಕಂಬದವರೆಗೂ, ಸುದ್ದಿ ಮುಟ್ಟಿಸಬೇಕಾದರೆ ಕಸ್ತೂರಕ್ಕ ನನ್ನನ್ನೇ ಕಳಿಸುತ್ತಿದ್ದಳು. ಕಾಲು ಸಡಿಲವಾಗಲಿ ಎಂಬುದು ಅವಳ ಪ್ರೀತಿ. ಏಳನೆಯ ವರ್ಷದಲ್ಲಿ ಒಂದು ಬೆಳಿಗ್ಗೆ ನಾನು ಇನ್ನು ಬರುವುದಿಲ್ಲ ಎಂದೆ. ಅವಳು ನನ್ನ ತಲೆ ಸವರಿ, ಗಾಳಿಯನ್ನು ಯಾರು ಕಟ್ಟಿಹಾಕುತ್ತಾರೆ ಎಂದು ಬಾಗಿಲು ಬಿಟ್ಟು ಸರಿದು ನಿಂತಳು.

ಈಗ ನಿನ್ನೆಯ ಸಂಗತಿಗೆ ಬರುತ್ತೇನೆ. ಒಡನಡೆ ಮುಗಿದ ಮೇಲೆ ಬಿಡಿಸುವುದು ಎಂಬ ಒಂದು ಕ್ರಮವಿದೆ. ಪ್ರತಿಯೊಂದು ಮಗುವೂ ಟೀಚರ್ ಎದುರು ಕೂತು, ಅವರಿಗೆ ಗೊತ್ತಿಲ್ಲದ ಒಂದು ಮಾತನ್ನು ತನ್ನ ಬಗ್ಗೆ ಹೇಳಬೇಕು. ಗೊತ್ತಿದ್ದರೆ ಟೀಚರ್ ಪ್ರಾಮಾಣಿಕವಾಗಿ ಗೊತ್ತಿತ್ತು ಎನ್ನಬೇಕು, ಮಗು ಬೇರೆ ಮಾತು ಹುಡುಕಬೇಕು. ನಡುವೆ ಬಿಟ್ಟುಹೋದವರೂ ಬರಬೇಕು. ಒಬ್ಬರು ಉಳಿದರೂ ಟೀಚರ್ ಹೊಸ ಗುಂಪನ್ನು ಮುಟ್ಟುವಂತಿಲ್ಲ. ಎರಡು ವರ್ಷ ಮೀರಿದರೆ ಮತ್ತೆಂದೂ ಇಲ್ಲ, ಬೀಜದ ಕೋಠಿಯಲ್ಲಿ ಕಾಳು ಆರಿಸುತ್ತ ಕೂರಬೇಕು. ಕಸ್ತೂರಕ್ಕನಿಗೆ ಆ ಎರಡು ವರ್ಷ ಈ ಬಿಡುತಿಂಗಳಿಗೆ ಮುಗಿಯುತ್ತಿತ್ತು. ಉಳಿದವಳು ನಾನೊಬ್ಬಳೇ.

ಹೋದ ವಾರ ನಾನು ಕಂಬದ ತುದಿಯಲ್ಲಿದ್ದಾಗ ನನ್ನ ಜೊತೆ ಕಲಿತ ಫಕೀರಪ್ಪ ಬಂದು ಕೆಳಗೆ ನಿಂತ.

“ಏ ದ್ಯಾಮಿ, ಇಳಿ ಕೆಳಗ. ಕಸ್ತೂರಕ್ಕ ನಿನ್ನ ಸಲುವಾಗಿ ಸಿಕ್ಕೊಂಡು ಕುಂತಾಳ.”

“ನಾ ಏನ ಆಕಿನ್ನ ಕಟ್ಟಿ ಹಾಕೀನೇನ?”

“ಕಟ್ಟಿಲ್ಲ, ಬಿಟ್ಟೂ ಇಲ್ಲ. ನನ್ನ ತಂಗಿ ಗುಂಪಿಗೆ ಟೀಚರ್ ಇಲ್ಲ. ದಿನಾ ಬಂದು ತಂಪುಮನಿ ಮೆಟ್ಟಲ ಮ್ಯಾಲೆ ಕುಂತು ಎದ್ದು ಹೋಗ್ತಾವ ಹುಡುಗ್ರು.”

ಆಕೆಗೆ ನೀನೇನು ಹೇಳಿದೆ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ.

“ಮೇಣದ ಬಣ್ಣ ತಿಂದಿದ್ದೆ ಅಂದೆ, ಗೊತ್ತಿತ್ತು ಅಂದ್ಳು. ದ್ಯಾಮಿ ನೂಲು ಕದ್ದು ನಂದು ಅಂತ ತೋರ್ಸಿದ್ದೆ ಅಂದೆ, ಅದೂ ಗೊತ್ತಿತ್ತಂತ. ಕಡೀಕ, ನಿನ್ನ ಕಂಡ್ರ ಎಂಟ ವರ್ಷ ಅಂಜಿಕಿ ಇತ್ತಕ್ಕಾ ಅಂದೆ. ಅದಕ್ಕ, ಗೊತ್ತಿರ್ಲಿಲ್ಲೋ ಫಕೀರಾ ಅಂದ್ಳು. ನೀ ಏನರ ಒಂದು ಕತಿ ಕಟ್ಟಿ ಹೇಳಿಬಿಡು ಮಾರಾಯ್ತಿ. ನೆರಳುಗಾರ್ತಿ ಅದೀ, ಕಟ್ಟೂದು ನಿನಗೇನ ಹೊಸಾದಲ್ಲ.”

ಕಟ್ಟಿ ಹೇಳುವುದಾದರೆ ಬರುವುದಿಲ್ಲ ಎಂದೆ. ಅವನು, ಹಾಗಾದರೆ ನಿಜವನ್ನೇ ಹೇಳು, ಒಟ್ಟಿನಲ್ಲಿ ಇಳಿ ಎಂದ.

ನಿನ್ನೆ ಹೋದೆ. ಮೆಟ್ಟಿಲ ಮೇಲೆ ಪುಟ್ಟ ಮಕ್ಕಳು ಕೋಳಿಪುಕ್ಕ ಹಿಡಿದು ಸಾಲಾಗಿ ಕೂತಿದ್ದವು. ಒಳಗೆ ಕಸ್ತೂರಕ್ಕ ಚಾಪೆ ಹಾಸಿದ್ದಳು, ಬಾಗಿಲ ಬಳಿ, ನನ್ನ ಹಳೆಯ ಜಾಗದಲ್ಲೇ. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನ ಕಾಲುಗಳು ಆಗಲೇ ಮಿಸುಕತೊಡಗಿದ್ದವು.

“ಬಂದ್ಯಾ ನನ್ನ ಗಾಳಿ,” ಎಂದಳು.

ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಯೋಚಿಸಿದ್ದೆ. ಆ ಒಂದು ಮಾತಿನಿಂದ ಯೋಚನೆ ಮುಗಿಯಿತು.

“ಅಕ್ಕಾ, ನಾ ಗಾಳಿ ಅಲ್ಲ. ನೀ ಗಾಳಿಕಂಬಕ್ಕ ಸುದ್ದಿ ಮುಟ್ಸು ಅಂತ ಕಳಸ್ತಿದ್ದಿ ನೋಡು, ನಾ ಓಡಿ ಹೋಗ್ತಿರ್ಲಿಲ್ಲ. ದಾರ್ಯಾಗ ಹೋಗೋ ಯಾರಿಗರ ಸುದ್ದಿ ಹೇಳಿ ಕಳಿಸಿ, ನೀರಿನ ತೊಟ್ಟಿ ಹಿಂದ ಕುಂಡರ್ತಿದ್ದೆ. ಅಲ್ಲಿ ನೀರಾಗ ಬಾಲ ಆಡ್ಸೋ ಗೊದ್ದಗಪ್ಪಿ ಮರಿ ಇದ್ವು. ಅವಕ್ಕ ಕಾಲು ಮೂಡೂತನಾ ದಿನಾ ನೋಡೀನಿ. ಅಲುಗಾಡ್ದ ಕುಂಡರ್ತಿದ್ದೆ. ನಿನ್ನ ಮುಂದ ಕುಂತಾಗಷ್ಟ ಮಿಸುಕಾಡ್ತಿದ್ದೆ, ನೀ ನೋಡ್ತಿದ್ದಿ ಅಂತ.”

ಗೊತ್ತಿತ್ತು ಎನ್ನುತ್ತಾಳೆ ಎಂಬ ಭಯದಲ್ಲೇ ಇದ್ದೆ. ಉಳಿದದ್ದನ್ನೂ ಹೇಳಿದೆ.

“ಬಿಟ್ಟು ಹೋಗ್ತೀನಿ ಅಂದ ದಿನ, ನೀ ಕುಂಡ್ರು ಅಂತಿ ಅಂತ ಬಾಗಿಲದಾಗ ನಿಂತಿದ್ದೆ.”

ಕಸ್ತೂರಕ್ಕ ನನ್ನ ಮುಖ ನೋಡಿದಳು. ಅಷ್ಟು ವರ್ಷ ನೋಡಿದ ಹಾಗಲ್ಲ, ಪರಿಚಯವಿಲ್ಲದವರನ್ನು ನೋಡುವ ಹಾಗೆ. ಕಣ್ಣಲ್ಲಿ ನೀರಿತ್ತು, ಆದರೆ ಭುಜಗಳು ಹೊರೆ ಇಳಿಸಿದವರಂತೆ ಕೆಳಗಿಳಿದವು.

“ಗೊತ್ತಿರ್ಲಿಲ್ಲ,” ಎಂದಳು. ಕಣ್ಣೊರೆಸಿಕೊಂಡು ಮುಂದುವರಿಸಿದಳು, “ಎರಡು ವರ್ಷ ನನಗೂ ಅಂಜಿಕಿ ಇತ್ತ ದ್ಯಾಮಿ. ಎಲ್ಲಾರೂ ಬಂದು ಹೇಳ್ತಾರ, ನಾ ಬಾಳ ಮಾತಿಗೆ ಗೊತ್ತಿತ್ತು ಅಂತೀನಿ. ಹಿಂಗ ಹೊಸ ಹುಡುಗ್ರ ಮುಂದ ಹೋಗಿ ಕುಂತ್ರ ನೋಡಿದ ಕೂಡ್ಲೆ ಹೆಸರಿಡ್ತೀನಲ್ಲ ಅಂತ. ಗಾಳಿ ಅಲ್ಲಂದ್ರ ನೀ ಏನ ಹಂಗಾರ?”

“ನನಗೂ ಗೊತ್ತಿಲ್ಲ.”

“ಛಲೋ ಆತು ಬಿಡು. ಚಹಾ ಕುಡೀತಿಯೇನ?”

ಇಬ್ಬರೂ ನಕ್ಕೆವು. ಕುಡಿದೆ. ಬಿಸಿಲಿಳಿಯುವವರೆಗೂ ಅಲ್ಲೇ ಕೂತಿದ್ದೆ. ಕಾಲು ಮಿಸುಕುವುದು ಯಾವಾಗ ನಿಂತಿತೋ ನೆನಪಿಲ್ಲ.

ಚಹಾ ಮುಗಿದ ಕೂಡಲೇ ಅವಳು ಮಕ್ಕಳನ್ನು ಒಳಗೆ ಕರೆದಿದ್ದಳು. ಫಕೀರಪ್ಪನ ತಂಗಿ ಒಂದೇ ಕಾಲಲ್ಲಿ ಕುಣಿಯುತ್ತ ಬಂದಳು, ಪುಕ್ಕದಿಂದ ಎಲ್ಲರ ಮೂಗು ಮುಟ್ಟಿದಳು. ಕಸ್ತೂರಕ್ಕನ ಕೈ ಬಾಗಿಲ ಕಡೆ ಅರ್ಧ ಎದ್ದಿತು. ನಾನು ನೋಡುತ್ತಿದ್ದೆ. ಅವಳು ಕೈ ಮಡಿಲಿಗೆ ಇಳಿಸಿ, ಎಲ್ಲಿ ಕೂರುತ್ತೀ ಎಂದು ಕೇಳಿದಳು. ಹುಡುಗಿ ಸೀದಾ ಹೋಗಿ ಎಲ್ಲರ ನಡುವೆ ಕೂತಳು. ತುಂಬಾ ದಿನಗಳ ಮೇಲೆ ನಾನು ಉಸಿರನ್ನು ಪೂರ್ತಿ ಬಿಟ್ಟೆ.

ಕಸ್ತೂರಕ್ಕ ಕೆಟ್ಟ ಟೀಚರ್ ಎಂದು ತಿಳಿಯಬೇಡಿ. ಅವಳು ಕಲಿಸಿದ ಗಂಟಿನಿಂದಲೇ ನಾನು ಇಂದಿಗೂ ಬಟ್ಟೆ ಕಟ್ಟುತ್ತೇನೆ. ಅದು ಬಿಚ್ಚಿದ್ದಿಲ್ಲ. ಎಂಟು ವರ್ಷ ಒಂದೇ ಕಣ್ಣು ನಮ್ಮನ್ನು ಪ್ರೀತಿಯಿಂದ ನೋಡಿದರೆ, ಆ ಕಣ್ಣಿಗೆ ಕಂಡದ್ದೇ ನಾವಾಗಿಬಿಡುತ್ತೇವೆ. ನಿಮ್ಮ ಕಾಲದಲ್ಲಿ ಬಿಡಿಸುವ ಕ್ರಮ ಇನ್ನೂ ಹುಟ್ಟಿಲ್ಲ ಎಂದು ಕೇಳಿದ್ದೇನೆ. ಅದು ಹುಟ್ಟುವವರೆಗೆ ನನ್ನದೊಂದು ಕೋರಿಕೆ. ಹೋಗುತ್ತೇನೆ ಎಂದು ಬಾಗಿಲಲ್ಲಿ ನಿಂತ ಮಗುವಿಗೆ ಒಂದು ಸಲ ಕೂತುಕೋ ಎನ್ನಿ. ಹೋಗುವವಳಾದರೆ ಹೋಗುತ್ತಾಳೆ.

ನಾಡಿದ್ದು ಹೊಸ ವರ್ಷ, ನಮ್ಮ ತಂಡ ಮುಂದಿನ ಊರಿಗೆ ಹೊರಡುತ್ತದೆ. ನಾನೂ ಹೋಗುತ್ತೇನೆ. ಅದಕ್ಕೂ ಮೊದಲು ಈಗ ನೀರಿನ ತೊಟ್ಟಿಯ ಹಿಂದೆ ಹೋಗಿ ಸ್ವಲ್ಪ ಹೊತ್ತು ಕೂರುವುದಿದೆ. ಕಸ್ತೂರಕ್ಕನೂ ಬರುತ್ತೇನೆ ಎಂದಿದ್ದಾಳೆ.

ದ್ಯಾಮವ್ವ