ನಿನ್ನ ಹಿತ್ತಲ ಹರಟೆಮಲ್ಲಗಳು

ಲೇ ನಂಜುಂಡ,

ಅಲ್ಲೂ ಎಲ್ಲರ ತಲೆ ತಿನ್ನುತ್ತಾ ಕೂತಿದ್ದೀಯ ತಾನೆ? ಒಸಿ ಬಾಯಿ ಮುಚ್ಚಿಕೊಂಡು ಇದನ್ನು ಓದು. ಹಕ್ಕಿ ಪುಕ್ಕ ಹೆಕ್ಕುತ್ತಾ ಹೆಕ್ಕುತ್ತಾ ನಾನೇ ಪುಕ್ಕಲನಾಗಿಬಿಟ್ಟಿದ್ದೇನೆ ಕಣ್ಲಾ.

ಕಾರ್ಖಾನೆ ನೀರು ಬಂದು ಬೀಳುವ ಆ ಕೆರೆ ದಂಡೆಯಲ್ಲಿ ಇಬ್ಬರೂ ಪ್ಯಾಂಟು ಮಡಚಿ, ಬೆಳ್ಳಕ್ಕಿ ಉದುರಿಸಿದ ಗರಿ ಆರಿಸಿದ್ದು ನೆನಪಿದೆಯಾ? ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರದ ಮೇಷ್ಟ್ರು, ನೀನು ರಸಾಯನಶಾಸ್ತ್ರದವನು. ಹಕ್ಕಿ ನನ್ನದು, ವಿಷ ನಿನ್ನದು ಅಂತ ಪಾಲು ಮಾಡಿಕೊಂಡಿದ್ದೆವು. ಹಕ್ಕಿಯ ಮೈಸೇರಿದ ಸೀಸ ಗರಿಯಲ್ಲೂ ಕೂತಿರುತ್ತಲ್ಲ, ಅದನ್ನು ಅಳೆಯೋಣ ಅಂತ. ಹೋಲಿಸೋಕೆ ಶುದ್ಧ ಜಾಗದ ಗರಿಯೂ ಬೇಕು ಅಂತ ನಾನಂದಾಗ ನೀನು ಎದೆ ತಟ್ಟಿಕೊಂಡೆ: “ಕುದೂರಿನ ನಮ್ಮ ಹಿತ್ತಲಿಗಿಂತ ಶುದ್ಧ ಜಾಗ ಬೇಕೇನ್ಲಾ? ಹೊಂಗೆಮರದ ಕೆಳಗೆ ಹರಟೆಮಲ್ಲಗಳು ದಿನಾ ನೆಲ ಕೆದಕ್ತವೆ. ಎಷ್ಟು ಬೇಕೋ ಬಾಚ್ಕೊ!” ಆ ಗಲಾಟೆ ಹಕ್ಕಿಗಳೆಲ್ಲ ನಿನ್ನ ರಕ್ತಸಂಬಂಧಿಗಳೇ ಇರಬೇಕು ಅಂತ ನಾನು ನಕ್ಕಿದ್ದೆ.

ನೀನು ಕಣ್ಣು ಮುಚ್ಚಿದ ಮೇಲೆ ಲ್ಯಾಬಿನಿಂದ ಫಲಿತಾಂಶ ಬಂತು. ಬೆಳ್ಳಕ್ಕಿ ಗರಿಯಲ್ಲಿ ಸೀಸ ಇತ್ತು, ಅದು ಗೊತ್ತಿದ್ದದ್ದೇ. ನಿನ್ನ ಹರಟೆಮಲ್ಲಗಳಲ್ಲಿ ಅದಕ್ಕಿಂತ ಹೆಚ್ಚು! ಕವರು ಅದಲುಬದಲಾಗಿರಬೇಕು ಅಂತ ಹೊಸ ಗರಿ ಕಳಿಸಿದೆ. ಮತ್ತೆ ಅದೇ ಉತ್ತರ.

ಮೊನ್ನೆ ನಿನ್ನ ಬೇಲಿ ಆಚೆ ಹೋಗಿ ನಿಂತೆ. ಆ ತಗಡಿನ ಶೆಡ್ಡು ಗುಜರಿ ಅಂಗಡಿ ಅಂದುಕೊಂಡಿದ್ದೆವಲ್ಲ? ಒಳಗೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಾರೆ. ಹೊಗೆ ನೆಟ್ಟಗೆ ನಿನ್ನ ಹಿತ್ತಲಿಗೆ. ಕೊನೆಕೊನೆಗೆ ನಿನಗೆ ಬರುತ್ತಿದ್ದ ಆ ಹೊಟ್ಟೆನೋವು, ಗ್ಯಾಸು ಗ್ಯಾಸು ಅಂತ ನೀನೇ ನಗುತ್ತಿದ್ದೆಯಲ್ಲ, ಅದೂ ಏನಾದರೂ... ಬೇಡ ಬಿಡು.

ತಿರುಗಿ ನೋಡಿದರೆ ನಿನ್ನ ಹೆಂಡತಿ ಜಯಮ್ಮ ಹೊಂಗೆಮರದಡಿ ಕೋಳಿಗಳಿಗೆ ರಾಗಿ ಎರಚುತ್ತಿದ್ದಳು. ಹರಟೆಮಲ್ಲ ಕೆದಕಿದ ಅದೇ ಮಣ್ಣು.

“ಬನ್ನಿ ಅಣ್ಣ, ಸವಿತಾ ಬಂದವ್ಳೆ. ಆರು ತಿಂಗಳು! ದಿನಾ ನಾಟಿಮೊಟ್ಟೆ ತಿನ್ನುಸ್ತಿವ್ನಿ. ಫಾರಂ ಮೊಟ್ಟೆ ಬರೀ ವಿಷ ಅಂತಿದ್ರಲ್ಲ ನೀವೇ.”

ಹೌದು ಕಣ್ಲಾ, ನಿನ್ನ ಮಗಳು ಬಸುರಿ. ಈ ಸುದ್ದಿಯನ್ನು ನಿನಗೆ ಹೀಗಾ ಹೇಳೋದು? ನಾನು ನಗಲಿಲ್ಲ, ಅಷ್ಟಕ್ಕೇ ಜಯಮ್ಮ ಹೆದರಿದಳು. “ಯಾಕಣ್ಣ ಸುಮ್ಕೆ ನಿಂತ್ರಿ? ಒಂದು ಕೀಟಲೆ ಮಾತಾದ್ರೂ ಆಡಿ!” ಎಲ್ಲ ಹೇಳಿದೆ. ಮಿಕ್ಕ ರಾಗಿ ನೆಲಕ್ಕೆ ಬೀಳದ ಹಾಗೆ ಮುಷ್ಟಿ ಬಿಗಿಹಿಡಿದು ನಿಂತುಬಿಟ್ಟಳು.

ತಾಯಿ ಮಗಳು ಇಬ್ಬರೂ ಈಗ ರಾಮನಗರದಲ್ಲಿ ನಮ್ಮನೆಯಲ್ಲಿದ್ದಾರೆ. ಸವಿತಾಳ ರಕ್ತ ಪರೀಕ್ಷೆಗೆ ಹೋಗಿದೆ, ವರದಿ ಬಂದಿಲ್ಲ. ಫೋನು ಹೊಡೆದುಕೊಂಡರೆ ನನ್ನ ಎದೆಯೂ ಹೊಡೆದುಕೊಳ್ಳುತ್ತೆ. “ಮಾವ, ಮಗು ಜೋರಾಗೇ ಒದೀತೈತೆ,” ಅಂತ ಅವಳೇ ನನಗೆ ಧೈರ್ಯ ಹೇಳುತ್ತಾಳೆ. ವರದಿ ಏನೇ ಬರಲಿ, ಅವಳನ್ನು ಆ ಹಿತ್ತಲಿಗೆ ಮತ್ತೆ ಕಳಿಸಲ್ಲ, ನಂಜುಂಡ.

ಬೆಳಿಗ್ಗೆ ನಮ್ಮ ಹಿತ್ತಲಲ್ಲೂ ಹರಟೆಮಲ್ಲಗಳ ಗಲಾಟೆ. ಮೊದಲಾಗಿದ್ದರೆ ನೀನೇ ಬಂದೆ ಅಂತಿದ್ದೆ. ಇವತ್ತು ಅವು ಬಿಟ್ಟುಹೋದ ಗರಿ ಹೆಕ್ಕಿ ಕವರಿಗೆ ಹಾಕಿದೆ. ಮೇಲೆ ‘ಶುದ್ಧ ಜಾಗ’ ಅಂತ ಬರೆಯೋಕೆ ಕೈ ಬರಲಿಲ್ಲ.

ನಿನ್ನ,
ರಂಗಸ್ವಾಮಿ