ಗೋಡೆಗೆ ಬೆನ್ನು ಹಚ್ಚಿ ನಿಂತವಳು

ಜೂನ್ 3, ಸೋಮವಾರ

ಇವತ್ತೂ ಒಟ್ಟಿಗೆ ಹೊರಟು ಬೇರೆ ಬೇರೆಯಾಗಿ ತಲುಪಿದೆವು. ಬಸ್ಸಿಳಿದು ಮೊಮ್ಮಗಳು ಮುಂದೆ, ನಾನು ಹಿಂದೆ. ಹೋಟೆಲ್ಲಿನ ಗಾಜಿನ ಬಾಗಿಲು ಅವಳಿಗೆ, ಹಿಂದಿನ ಗೇಟು ನನಗೆ. ಅಲ್ಲಿ ಚೀಲ ಬಿಚ್ಚಿ ತೋರಿಸಬೇಕು... ನಮ್ಮ ಕಪ್ಪು ಬಣ್ಣದವರು ಮಾತ್ರ. ಅವಳಿಗಾದರೆ ವಾಚ್‌ಮನ್ ಸಲಾಮು ಹೊಡೆಯುತ್ತಾನೆ.

ನನ್ನ ಗುಬ್ಬಿಗೆ ಅವಳಪ್ಪನ ಬಣ್ಣ. ಆ ಮಹಾರಾಯ ಬಿಟ್ಟುಹೋದದ್ದು ಅದೊಂದೇ. ಬೆಳ್ಳಗಿನವರಿಗೇ ಕೊಡುವ ರಿಸೆಪ್ಷನ್ ಕೆಲಸಕ್ಕೆ ಹೋದಾಗ ಯಾರ ಪೈಕಿ ಅಂತ ಯಾರೂ ಕೇಳಲಿಲ್ಲ. ಮುಖ ನೋಡಿ ತಮ್ಮವಳೇ ಅಂದುಕೊಂಡರು. ಸುಳ್ಳು ಹೇಳಲಿಲ್ಲ ಅವಳು. ತಿದ್ದಲಿಲ್ಲ, ಅಷ್ಟೇ.

ಹಿಂದೆ ನಮ್ಮವನೇ ಒಬ್ಬ ವೇಟರ್ ಹೀಗೇ ಸಿಕ್ಕಿಬಿದ್ದಿದ್ದ. ಮೋಸದ ಕೇಸು ಹಾಕಿ ಒಳಗೆ ಕಳಿಸಿದರು. ಮನೆಯವರೂ ಊರು ಬಿಟ್ಟರು.

ನಾನು ನೆಲಮಾಳಿಗೆಯ ಲಾಂಡ್ರಿಯಲ್ಲಿ ಚಾದರ ಮಡಚುತ್ತೇನೆ. ಮೇಲೆ ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಸಾಕು, ಮಡಚುವುದು ಬಿಟ್ಟು ಕಿವಿಗೊಡುತ್ತೇನೆ.

ಜೂನ್ 5

ಗುಬ್ಬಿ ಅದೇನೋ ದಪ್ಪ ಪುಸ್ತಕ ತಂದಿದ್ದಾಳೆ.

"ಅಜ್ಜಿ, ಕೇಳದೇನೇ ನಂಗೆ ಬಾಗಿಲು ತೆಗೀತಾರಲ್ಲ, ಅದಕ್ಕೆ ಸವಲತ್ತು ಅಂತಾರಂತೆ. ನಿನ್ನ ಚೀಲ ಬಿಚ್ಚಿಸೋದಕ್ಕೆ ತಾರತಮ್ಯ."

"ಹೆಸರಿಟ್ಟಾಯ್ತಲ್ಲ, ಇನ್ನು ತೊಟ್ಟಿಲಲ್ಲಿ ಹಾಕಿ ತೂಗು" ಅಂದೆ.

ನಕ್ಕಳು. ನಕ್ಕರೆ ಥೇಟ್ ಅವಳಮ್ಮ, ತೀರಿಹೋದ ನನ್ನ ಮಗಳು. ಈಗ ಅದೂ ಒಂದು ಭಯ. ಆ ನಗುವಿನಲ್ಲಿ ಯಾರಾದರೂ ನಮ್ಮ ಗುರುತು ಹಿಡಿದರೆ? ಕೆಲಸದಲ್ಲಿ ನಗಬೇಡ ಅನ್ನೋಣವೆಂದು ಬಾಯಿವರೆಗೆ ಬಂತು. ನುಂಗಿಕೊಂಡೆ.

ಜೂನ್ 12

ಲಾಂಡ್ರಿಯಲ್ಲಿ ನನ್ನ ಜೊತೆಗಾತಿಯನ್ನು ಎಲ್ಲರೂ ರೇಡಿಯೋ ಅನ್ನುವುದು. ಬಾಯಿ ಮುಚ್ಚಿದ್ದು ಕಂಡವರಿಲ್ಲ. ಇವತ್ತು ಚಾದರದ ಆ ತುದಿ ಹಿಡಿದುಕೊಂಡೇ ಶುರು ಮಾಡಿದಳು.

"ವಿಷ್ಯ ಗೊತ್ತಾ ದೊಡ್ಡಮ್ಮ? ರಿಸೆಪ್ಷನ್ ಹುಡುಗಿಗೆ ಕಾರಿಡಾರಲ್ಲಿ ಮಾಲೀಕರ ಹೆಂಡ್ತಿ ಎದುರಾದ್ರಂತೆ. ಇವಳು ಟಕ್ ಅಂತ ಗೋಡೆಗೆ ಬೆನ್ನು ಹಚ್ಚಿ, ತಲೆ ತಗ್ಗಿಸಿ ನಿಂತ್ಲಂತೆ. ನಮ್ ಥರಾನೇ. ಅವ್ರ ಪೈಕಿಯೋರು ಹಾಗೆ ನಿಲ್ತಾರಾ?"

ನಿಲ್ಲುವುದಿಲ್ಲ. ಅವರು ದಾಟಿಹೋಗುವ ತನಕ ಹಾಗೆ ನಿಲ್ಲುವವರು ನಾವು. ಎಲ್ಲೂ ಬರೆದಿಟ್ಟ ಕಾನೂನಲ್ಲ. ನಮ್ಮ ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಕಲಿಸುತ್ತೇವೆ... ಪೆಟ್ಟು ತಿನ್ನದೆ ಬದುಕಲಿ ಅಂತ.

"ಕಾಲು ಉಳುಕಿರ್ಬೇಕು" ಅಂದೆ.

"ಉಳುಕಿದ್ರೆ ಕುಂಟ್ತಾರೆ ದೊಡ್ಡಮ್ಮ, ಗೋಡೆಗೆ ಅಂಟ್ಕೊಳ್ಳಲ್ಲ."

ಕೈಯಲ್ಲಿದ್ದ ಚಾದರ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಮಡಚಿದೆ.

ಸಂಜೆ ಗುಬ್ಬಿ ಚಪ್ಪಲಿಯನ್ನೂ ಬಿಡದೆ ಹಾಗೇ ಕೂತಳು. "ಗೊತ್ತೇ ಆಗ್ಲಿಲ್ಲ ಅಜ್ಜಿ. ಅವ್ರು ದಾಟಿ ಹೋದ್ಮೇಲೆ ನೋಡ್ತೀನಿ, ಬೆನ್ನು ಗೋಡೆಗಿದೆ."

ಜೂನ್ 13

ಸೂಪರ್‌ವೈಸರ್ ಕೆಳಗಿಳಿದು ಬಂದ. "ಏನಮ್ಮ, ರಿಸೆಪ್ಷನ್ ಹುಡುಗಿ ನಿಮ್ ಕಡೆಯೋಳಾ?"

"ನಮ್ ಕಡೆ ಅಷ್ಟು ಬೆಳ್ಳಗಿರೋದು ಈ ಚಾದರ ಒಂದೇ ಸಾರ್."

ಎಲ್ಲರೂ ನಕ್ಕರು. ಅವನೂ ನಕ್ಕ. ನಕ್ಕು ಮುಗಿದ ಮೇಲೂ ಅಲ್ಲೇ ನಿಂತಿದ್ದ, ನನ್ನ ಮುಖ ನೋಡುತ್ತ.

ನನ್ನ ಕರುಳಿನ ಕುಡಿಯನ್ನು ಅಲ್ಲಗಳೆದು ಬಂದೆ.

ಜೂನ್ 20

ಇಷ್ಟು ದಿನ ಬರೆಯುವ ಧೈರ್ಯವಾಗಲಿಲ್ಲ. ಈಗ ಬೇರೆ ಬೇರೆ ಬಸ್ಸು. ಮನೆಯಲ್ಲೂ ಪಿಸುಮಾತು.

ಇವತ್ತು ಮ್ಯಾನೇಜರ್ ಅವಳನ್ನು ಕರೆದು, ನಾಳೆ ಮನೆಯ ಹಿರಿಯರನ್ನು ಕರೆದುಕೊಂಡು ಬಾ, ಸುಮ್ಮನೆ ಪರಿಚಯಕ್ಕೆ, ಅಂದನಂತೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ಅವಳಿಗಿರುವ ಹಿರಿಯಳು ನಾನೊಬ್ಬಳೇ.

"ನಾಳೆಯಿಂದ ಹೋಗ್ಬೇಡ ಕಣೇ. ಬೇರೆ ಊರಿಗೆ ಹೊರಟ್ಹೋಗು."

"ನಾನು ಓಡಿಹೋದ್ರೆ ನಿನ್ನನ್ನ ಹಿಡೀತಾರೆ. ನೀನೇ ಬಾ ಅಜ್ಜಿ, ನನ್ ಜೊತೆ."

"ತಲೆ ನೆಟ್ಟಗಿದೆಯಾ ನಿಂಗೆ? ಕೇಸು ಹಾಕ್ತಾರೆ."

"ನಾನೇನು ಸುಳ್ಳು ಹೇಳಿದ್ದೆ? ಕೇಳ್ಲಿ, ಹೇಳ್ತೀನಿ." ಹಾಗಂದವಳು ಎದ್ದು ಬಾಗಿಲ ಚಿಲಕ ಇನ್ನೊಮ್ಮೆ ನೋಡಿ ಬಂದಳು.

ಜೂನ್ 21, ಬೆಳಿಗ್ಗೆ, ಹೋಟೆಲ್ಲಿನ ಸೋಫಾ ಮೇಲೆ

ಕೂತಿದ್ದೇನೆ. ಸುಮ್ಮನೆ ಕೂತರೆ ಆ ಕೋಣೆಯ ಬಾಗಿಲ ಕಡೆಗೇ ಕಣ್ಣು ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಗಾಜಿನ ಬಾಗಿಲಲ್ಲಿ ವಾಚ್‌ಮನ್ ಅಡ್ಡ ಬಂದ. "ಏ ಅಮ್ಮ, ಹಿಂದಿನ ಗೇಟು." ಗುಬ್ಬಿ ನನ್ನ ತೋಳು ಹಿಡಿದು, "ಇವ್ರು ನಮ್ಮಜ್ಜಿ" ಅಂದಳು. ಸಮಯ ಎಷ್ಟು ಅಂತ ಹೇಳಿದಷ್ಟೇ ಸಲೀಸಾಗಿ. ಅವನು ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ಸಲಾಮಿಗೆ ಎತ್ತಿದ ಕೈ ಅರ್ಧದಲ್ಲೇ ಉಳಿಯಿತು.

ಈಗ ಎಲ್ಲರಿಗೂ ಗೊತ್ತು. ಮ್ಯಾನೇಜರನ ಕೋಣೆಯಲ್ಲಿ ಫೋನಿನ ಮೇಲೆ ಫೋನು. ಪೊಲೀಸ್ ಅನ್ನುವ ಮಾತು ಕೇಳಿಸಿತು... ಅಥವಾ ನನ್ನ ಭಯವೇ ಅಂದಿತೋ.

ಅಲ್ಲಿ ಕೇಳಿದರೆ ಏನನ್ನಲಿ? ಒಂದು ಸಲ ಅಲ್ಲ ಅಂದೆ. ಈ ಬಾಯಿಂದ ಇನ್ನೊಂದು ಸಲ ಆಗದು.

ಬಾಗಿಲು ತೆರೆಯಿತು. ಇಬ್ಬರೂ ಬನ್ನಿ ಅನ್ನುತ್ತಿದ್ದಾರೆ. ಗುಬ್ಬಿ ಕೈ ಚಾಚಿದ್ದಾಳೆ, ಏಳು ಅಜ್ಜಿ ಅಂತ. ನಾನು ಆ ಕೈ ಹಿಡಿದು ಏಳುತ್ತೇನೆ.