ಸೂಜಿ ಸಮೇತ ಓಡಿಹೋದ ಅಣ್ಣನಿಗೆ

ಉಲ್ಲಾಳ, ಬೆಂಗಳೂರು
ಗುರುವಾರ, 12 ಜೂನ್ 2025

ಪ್ರೀತಿಯ ಅಣ್ಣನಿಗೆ, ತಂಗಿ ರಾಮಕ್ಕನ ನಮಸ್ಕಾರ.

ಹೇಗಿದ್ದೀಯ? ಎದೆ ಹಿಡಿದುಕೊಳ್ಳುವುದು ಕಡಿಮೆಯಾಯಿತೇ? ಕೊಟ್ಟಿಗೆಯ ತನಕ ಹೋಗಿಬಂದರೂ ಏದುಸಿರು ಬರುತ್ತಿದೆಯೇ? ಅದಿರಲಿ, ಮೊದಲು ನಿನ್ನ ಎಡಗೈ ಹೇಗಿದೆ ಹೇಳು. ಮಂಗಳವಾರ ಬೆಳಿಗ್ಗೆ "ಒಂದ್ ಕಾಫಿ ಕುಡ್ಕೊಂಡ್ ಬರ್ತೀನಿ" ಎಂದು ವಾರ್ಡಿನಿಂದ ಹೊರಟವನು, ಕೈಗೆ ಚುಚ್ಚಿದ್ದ ಸೂಜಿ ಸಮೇತ ಮಾಗಡಿ ಬಸ್ಸು ಹತ್ತಿದೆಯಲ್ಲ, ಮಹಾರಾಯ! ಅದನ್ನು ಯಾರ ಕೈಯಲ್ಲಾದರೂ ತೆಗೆಸಿದೆಯಾ? ಇಲ್ಲದಿದ್ದರೆ ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗು. ನೀನೇ ಕಿತ್ತುಕೊಂಡಿದ್ದರೆ ನನಗೆ ಹೇಳಲೇಬೇಡ, ಮೊದಲೇ ಉರಿದು ಹೋಗಿದ್ದೇನೆ.

ಈ ಹೃದಯದ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿ ಹದಿನೈದು ವರ್ಷವಾಯಿತು. ಎಷ್ಟು ಜನರನ್ನು ಗಾಲಿಕುರ್ಚಿಯಲ್ಲಿ ತಳ್ಳಿದ್ದೇನೋ, ಒಬ್ಬರೂ ಕಳೆದುಹೋಗಿರಲಿಲ್ಲ. ಕಳೆದುಹೋಗಲು ನನ್ನ ಸ್ವಂತ ಅಣ್ಣನೇ ಬರಬೇಕಾಯಿತು. ನರ್ಸ್ ಅಲಮೇಲು "ಆಂಟಿ, ನಿಮ್ಮಣ್ಣ ಎಲ್ಲಿ?" ಎಂದು ಕೇಳಿದಾಗ ಕ್ಯಾಂಟೀನು, ಬಾತ್‌ರೂಮು, ಗೇಟಿನ ಪಕ್ಕದ ಗಣಪತಿ ಗುಡಿ ಎಲ್ಲ ಹುಡುಕಿದೆ. ಕೊನೆಗೆ ಸೆಕ್ಯುರಿಟಿಯವನು "ತಾತ ಆಗ್ಲೇ ಬಸ್ ಸ್ಟಾಪ್ ಕಡೆ ಓಡ್ತಾ ಇದ್ರು" ಎಂದ. ಓಡುತ್ತಿದ್ದೆಯಂತೆ! ಹತ್ತು ಹೆಜ್ಜೆಗೊಮ್ಮೆ ನಿಲ್ಲುವವನು ಓಡಿದೆ ಎಂದು ಕೇಳಿ ನನ್ನ ಜೀವ ಬಾಯಿಗೆ ಬಂತು. ಅವತ್ತಿನಿಂದ ನಿನ್ನ ಫೋನು ಸ್ವಿಚ್ ಆಫ್. ಅದಕ್ಕೇ ಈ ಕಾಗದ. ಮೂವತ್ತು ವರ್ಷ ಊರಿಗೆಲ್ಲ ಅಂಚೆ ಹಂಚಿದವನು ನೀನು, ಬಂದ ಕಾಗದ ಒಡೆಯದೆ ಇಡುವವನಲ್ಲ.

ಡಾಕ್ಟರ್ ವಿಶ್ವಾರಾಧ್ಯ ಹೇಳಿದ್ದನ್ನು ನೀನು ಅರ್ಧ ಕೇಳಿ ಎದ್ದುಬಂದೆ. ಉಳಿದದ್ದನ್ನು ನಾನು ಕೇಳಿಸಿಕೊಂಡು ಬಂದಿದ್ದೇನೆ. ಹದಿಮೂರು ವರ್ಷದ ಹಿಂದೆ ಬೈಪಾಸ್ ಮಾಡಿದಾಗ ನಿನ್ನ ಕಾಲಿನ ನರ ತೆಗೆದು ಹೃದಯಕ್ಕೆ ಹೊಲಿದಿದ್ದರಲ್ಲ, ಅದರೊಳಗೆ ಈಗ ಗಸಿ ಕಟ್ಟಿ ದಾರಿ ಕಿರಿದಾಗಿದೆ. ಹಾಗೇ ಬಿಟ್ಟರೆ ಒಂದು ದಿನ ಪೂರ್ತಿ ಮುಚ್ಚಿಹೋಗುತ್ತದೆ. ಹಾಗಂತ ಮತ್ತೆ ಎದೆ ಕೊಯ್ಯುವುದಿಲ್ಲ. ಮಣಿಕಟ್ಟಿನಿಂದಲೋ ತೊಡೆಯ ಸಂದಿಯಿಂದಲೋ ಸಣ್ಣ ನಳಿಕೆ ಕಳಿಸಿ ಒಳಗಿನಿಂದಲೇ ಕೆಲಸ ಮಾಡುತ್ತಾರೆ. ಸಾಧ್ಯವಿದ್ದರೆ ಹುಟ್ಟಿನಿಂದ ಬಂದ ರಕ್ತನಾಳವನ್ನೇ ತೆರೆಯುವುದು ಒಳ್ಳೆಯದಂತೆ, ಆದರೆ ನಿನ್ನದು ಮುಚ್ಚಿ ಕಲ್ಲಾಗಿದೆ. ಹಾಗಾಗಿ ಹೊಲಿದ ನರದಲ್ಲೇ, ದಾರಿ ತೆರೆದಿಡಲು, ಸ್ಟೆಂಟ್ ಎಂಬ ಸಣ್ಣ ಬಲೆಯ ಕೊಳವೆ ಕೂರಿಸುತ್ತಾರೆ. ಆಗ ಗಸಿ ಕಿತ್ತು ಮುಂದೆ ಹೋಗಿ ಸಿಕ್ಕಿಕೊಳ್ಳಬಾರದೆಂದು ಟೀ ಸೋಸುವ ಹಾಗೆ ಒಂದು ಪುಟ್ಟ ಜರಡಿ ಹಿಡಿದು, ಕೆಲಸ ಮುಗಿದ ಮೇಲೆ ಮಡಚಿ ಹೊರಗೆ ತೆಗೆಯುತ್ತಾರೆ. ಅಪಾಯವೇ ಇಲ್ಲ ಎಂದು ನಿನಗೆ ಸುಳ್ಳು ಹೇಳಲಾರೆ. ಆದರೆ "ಸುಮ್ನೆ ಮನೇಲಿ ಕೂತ್ಕೊಳೋದೇ ಇದಕ್ಕಿಂತ ಅಪಾಯ ಕಣಮ್ಮ" ಎಂದರು ಡಾಕ್ಟರು. ಮುಂದಿನ ಬುಧವಾರಕ್ಕೆ ಬೆಡ್ ಹೇಳಿಟ್ಟಿದ್ದೇನೆ.

ಹೆದರಿ ಓಡಿದೆ ಎಂದು ಇಲ್ಲಿ ಎಲ್ಲರೂ ಅನ್ನುತ್ತಿದ್ದಾರೆ. ನನಗೆ ನಂಬಿಕೆಯಿಲ್ಲ. ಹೋದ ಸಲ ಎದೆ ಕೊಯ್ಯುವ ಹಿಂದಿನ ದಿನವೂ ಪಕ್ಕದ ಬೆಡ್ಡಿನವನನ್ನು ನಗಿಸುತ್ತಿದ್ದವನು ನೀನು. ಏನಾಯಿತೋ ಕಾಣೆ. ನನ್ನ ಮೇಲೇನಾದರೂ ಬೇಸರವಿದ್ದರೆ ಬಂದು ಬೈದುಬಿಡು, ಅನ್ನಿಸಿಕೊಳ್ಳುತ್ತೇನೆ. ಅಪ್ಪ ಹೋದ ಮೇಲೆ ನನಗೆ ಅಪ್ಪನೂ ನೀನೇ. ನೀನಿಲ್ಲದ ತವರು ಕಟ್ಟಿಕೊಂಡು ನಾನೇನು ಮಾಡಲಿ?

ಮಾತ್ರೆ ಒಂದು ಹೊತ್ತೂ ಬಿಡಬೇಡ. ಅತ್ತಿಗೆಗೆ ನನ್ನ ನಮಸ್ಕಾರ ಹೇಳು, ಮಕ್ಕಳಿಗೆ ಆಶೀರ್ವಾದ.

ನಿನ್ನ ದಾರಿ ಕಾಯುತ್ತಿರುವ ತಂಗಿ,
ರಾಮಕ್ಕ

ವಿ.ಸೂ.: ಕವರು ಅಂಟಿಸುವಷ್ಟರಲ್ಲಿ ಪಕ್ಕದ ಮನೆಯ ಫೋನಿನಿಂದ ಅತ್ತಿಗೆ ಮಾತಾಡಿದರು. ನೀನು ಅವರ ಹತ್ತಿರ "ನನ್ನ ಎರಡೂ ಕಾಲಿನ ನರ ಹೋದ್ಸಲಾನೇ ತೆಗೆದಾಯ್ತು, ಈ ಸಲ ರಾಮಕ್ಕನ ಕಾಲಿಂದ ತೆಗೀತಾರೆ. ಆಗ್ಲೇ ಅವಳ ರಕ್ತಾನೂ ತಗೊಂಡ್ರು. ದಿನವೆಲ್ಲಾ ನಿಂತು ದುಡಿಯೋಳ ಕಾಲು ಕೊಯ್ಸಿ ನಾನು ಬದುಕ್ಬೇಕಾ?" ಅಂದೆಯಂತೆ. ಅಯ್ಯೋ ನನ್ನಪ್ಪಾ! ಅಲಮೇಲು ರಕ್ತ ತೆಗೆದದ್ದು ನನ್ನ ಶುಗರ್ ನೋಡಲು ಕಣಣ್ಣ. ಈ ಸಲ ಯಾರ ನರವೂ ಬೇಡ, ನಿನ್ನದೂ ಬೇಡ, ನನ್ನದೂ ಬೇಡ. ಬೇಕಾಗಿದ್ದರೆ ನಿನ್ನನ್ನು ಒಂದು ಮಾತೂ ಕೇಳದೆ ಎರಡೂ ಕಾಲು ಚಾಚಿ ಮಲಗುತ್ತಿದ್ದೆ. ಬುಧವಾರ ಬಾ.